ಒಂದು ಕಡೆ ಕುಂದ್ರಿ ಅಂದಿದ್ದೆ

ಸಂಡೂರಿನ ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ ‘ಕಂಪ್ಲಿ ಸರ್’ ಎಂದೇ ಕರೆಯುತ್ತಿದ್ದರು. ದಿನವೂ ಕಂಪ್ಲಿಯಿಂದ ಹೊಸಪೇಟೆಗೆ ಒಂದು ಬಸ್ಸು, ಅಲ್ಲಿಂದ ಸಂಡೂರಿಗೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು, ಅದಕ್ಕೆ. ಗಣಿಯಿಂದ ಹೊರಟ ಲಾರಿಗಳ ಪರ್ಮಿಟ್ಟು, ತೂಕದ ಚೀಟಿ, ಅವು ತಲುಪಿದ ವೇಳೆ, ಇವನ್ನೆಲ್ಲ ಒಂದಕ್ಕೊಂದು ತಾಳೆ ನೋಡುವುದು ನಮ್ಮ ವಿಭಾಗದ ಕೆಲಸ. ವಿಭಾಗಕ್ಕೆ ನಾನು ಮೇಲ್ವಿಚಾರಕಿ. ವಯಸ್ಸಿನಲ್ಲಿ ಅವರು ನನಗಿಂತ ಹತ್ತು ವರ್ಷ ದೊಡ್ಡವರು, ಹುದ್ದೆಯಲ್ಲಿ ನನ್ನ ಕೆಳಗೆ. ಅದರಿಂದ ನಮ್ಮಿಬ್ಬರ ನಡುವೆ ಯಾವತ್ತೂ ಮುಜುಗರವಾದದ್ದಿಲ್ಲ.

ಅವರು ಕೂತು ಯೋಚನೆ ಮಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಯಾವುದೋ ಲಾರಿಯ ತೂಕ ಎರಡು ಕಡೆ ಎರಡು ಥರ ಬಂದಿದ್ದರೆ ಆ ಹಾಳೆಗಳನ್ನು ಹಿಡಿದುಕೊಂಡು ಎದ್ದುಬಿಡುತ್ತಿದ್ದರು. ಮೇಲಿನ ಮಹಡಿಯ ವರಾಂಡದಲ್ಲಿ ಆ ತುದಿಗೊಮ್ಮೆ, ಈ ತುದಿಗೊಮ್ಮೆ ಅಡ್ಡಾಡುವುದು. ಕಚೇರಿಗೆ ಬಂದ ಕೂಡಲೇ ಶೂ ಬಿಚ್ಚಿ ಹವಾಯಿ ಚಪ್ಪಲಿ ಮೆಟ್ಟುವ ರೂಢಿ ಅವರಿಗೆ. ಎಡಗಾಲಿನದು ಸ್ವಲ್ಪ ಎಳೆಯುತ್ತಿತ್ತು. ನಾಲ್ಕನೆಯದೋ ಐದನೆಯದೋ ಸುತ್ತಿಗೆ ಸಪ್ಪಳ ನಿಲ್ಲುತ್ತಿತ್ತು. ತಪ್ಪು ಸಿಕ್ಕಿತು ಎಂದು ಒಳಗೆ ಕೂತ ನಮಗೆ ಗೊತ್ತಾಗುತ್ತಿತ್ತು.

“ಕುಂತ್ರ ತಲಿ ಓಡಂಗಿಲ್ರಿ ಮೇಡಂ,” ಅನ್ನುತ್ತಿದ್ದರು. “ನಮ್ಮ ತಲಿ ಕಾಲಾಗ ಇಟ್ಟಾನ ದೇವ್ರು.”

ನಾಲ್ಕು ಗಂಟೆಗೆ ನನ್ನ ಮೇಜಿನ ಮೇಲೆ ಎರಡು ಸಲ ಬೆರಳು ತಟ್ಟುವರು. “ಏಳ್ರಿ, ಕಾಲಿಗೆ ಜೋಮು ಹಿಡೀತೈತಿ.” ಮೆಟ್ಟಿಲಿಳಿದು, ರಸ್ತೆ ದಾಟಿ, ಕೆಂಪು ಧೂಳು ಕೂತ ಹುಣಸೆಮರದ ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿದು ಬರುತ್ತಿದ್ದೆವು. ಹಾಗೆ ನೋಡಿದರೆ ಆಗ ನಾನೂ ಸಾಕಷ್ಟು ನಡೆಯುತ್ತಿದ್ದೆ. ಹೊಸಪೇಟೆಯ ಮನೆಯಿಂದ ಬಸ್ ಸ್ಟ್ಯಾಂಡಿಗೆ, ಸಂಡೂರಿನಲ್ಲಿ ಇಳಿದು ಕಚೇರಿಯ ಏರು ಹತ್ತಲು, ಹಳೆಯ ಕಡತ ಬೇಕಾದರೆ ಕೆಳಗಿನ ದಾಖಲೆ ಕೋಣೆಗೆ. ಅದನ್ನು ನಡಿಗೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ಸೋಂಕಿನ ವರ್ಷಗಳಲ್ಲಿ ಎಲ್ಲರೂ ಮನೆಯಿಂದ ಕೆಲಸ ಮಾಡಿದೆವು. ಅದು ಮುಗಿದ ಮೇಲೆ ಕಂಪನಿಯವರಿಗೆ ಅದೇ ಒಳ್ಳೆಯದೆನಿಸಿತು. ಕಟ್ಟಡದ ಅರ್ಧ ಭಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ವಾರಕ್ಕೆ ಒಂದು ದಿನ ಕಚೇರಿಗೆ ಬಂದರೆ ಸಾಕು, ಉಳಿದ ದಿನ ಮನೆಯಿಂದಲೇ, ವೇಳೆಯನ್ನೂ ಅವರವರೇ ಆರಿಸಿಕೊಳ್ಳಬಹುದು ಎಂದು ಸೂಚನೆ ಬಂತು. ನಮಗೆಲ್ಲ ಹಬ್ಬ. ಕಂಪ್ಲಿ ಸರ್ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟರು. “ನಾಕ್ ತಾಸು ಉಳೀತ್ರಿ ನಂದು. ಮನಿ ಊಟ, ಬಿಸಿ ರೊಟ್ಟಿ. ಇಷ್ಟು ವರ್ಷ ನನ್ನ ಹೆಂಡ್ತಿ ಮಾರಿ ಬರೇ ಲೈಟಿನ ಬೆಳಕಿನ್ಯಾಗ ನೋಡೀನಿ,” ಎಂದು ನಕ್ಕರು.

ಜೊತೆಗೆ ಒಂದು ಷರತ್ತೂ ಇತ್ತು. ಕಂಪ್ಯೂಟರಿನಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ. ಹತ್ತು ನಿಮಿಷ ಮೌಸು ಅಲ್ಲಾಡದಿದ್ದರೆ ಅದು ಹಳದಿಯಾಗುತ್ತದೆ. ಯಾರ ಚುಕ್ಕೆ ಎಷ್ಟು ಹೊತ್ತು ಹಳದಿ ಇತ್ತು ಎಂಬ ಪಟ್ಟಿ ಶನಿವಾರ ಶನಿವಾರ ನನಗೆ ಬರುತ್ತಿತ್ತು. ಹೆಚ್ಚು ಹಳದಿ ಇದ್ದವರಿಗೆ ಫೋನು ಮಾಡಿ ಕಾರಣ ಕೇಳುವುದು ನನ್ನ ಕೆಲಸ. ನಾನು ಕೇಳುತ್ತಿದ್ದೆ. ನೀರು ಕುಡಿಯಲು ಹೋಗಿದ್ದೆ, ಬಾಗಿಲು ತೆಗೆಯಲು ಹೋಗಿದ್ದೆ ಎಂದು ಜನ ಅಪರಾಧಿಗಳ ಹಾಗೆ ಉತ್ತರ ಕೊಡುತ್ತಿದ್ದರು. ಕೆಲವು ವಾರಗಳಲ್ಲಿ ಎಲ್ಲರ ಚುಕ್ಕೆಯೂ ದಿನವಿಡೀ ಹಸಿರಾಗಿ ನಿಂತಿತು. ನನಗೆ ಅದು ಹೆಮ್ಮೆಯ ವಿಷಯವಾಗಿತ್ತು.

ಕಂಪ್ಲಿ ಸರ್ ಮಾತ್ರ ಮನೆಯಲ್ಲೂ ನಡೆಯುವುದನ್ನು ಬಿಡಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಆನ್‌ಲೈನ್ ಮೀಟಿಂಗ್. ಮುಖ ತೋರಿಸುವ ಪದ್ಧತಿ ಇರಲಿಲ್ಲ, ಬರೀ ದನಿ. ಅವರು ಮೊಬೈಲಿನಲ್ಲಿ ಸೇರಿಕೊಂಡು ಮನೆಯ ಮುಂಬಾಗಿಲಿನಿಂದ ಹಿತ್ತಲಿನ ತನಕ ಓಡಾಡುತ್ತಾ ಮಾತಾಡುತ್ತಿದ್ದರು. ಅವರ ಚಪ್ಪಲಿಯ ಸಪ್ಪಳ ಎಲ್ಲರಿಗೂ ಕೇಳಿಸುತ್ತಿತ್ತು. ನನಗೆ ಅದು ವರಾಂಡದ ನೆನಪು ತರುತ್ತಿತ್ತು. ನಮ್ಮ ಮ್ಯಾನೇಜರು ಮೈಸೂರಿನ ಕಡೆಯವರು, ಮೆದು ಮಾತಿನವರು. ಅವರಿಗೆ ಅದು ಕಿರಿಕಿರಿ. ಒಂದು ದಿನ ಮೀಟಿಂಗ್ ಮುಗಿದ ಮೇಲೆ ನನಗೆ ಫೋನು ಮಾಡಿದರು.

“ಯಾರೋ ಓಡಾಡ್ತಾನೇ ಇರ್ತಾರಲ್ಲ, ತುಂಬಾ ಡಿಸ್ಟರ್ಬ್ ಆಗುತ್ತೆ. ಒಂದು ಕಡೆ ಕೂತ್ಕೊಳ್ಳೋಕೆ ಹೇಳಿ. ಲ್ಯಾಪ್‌ಟಾಪಿನಲ್ಲೇ ಸೇರ್ಕೊಳ್ಳಲಿ.”

ನಾನು ಆಗಲೇ ಕಂಪ್ಲಿಗೆ ಫೋನು ಹಚ್ಚಿದೆ. “ಸರ್, ನಿಮ್ಮ ಚಪ್ಪಲಿ ಸಪ್ಪಳ ಮೀಟಿಂಗಿನ್ಯಾಗ ಎಲ್ಲಾರ್ಗೂ ಕೇಳ್ತೈತಿ. ಒಂದು ಕಡೆ ಕುಂದ್ರಿ. ಲ್ಯಾಪ್‌ಟಾಪಿನ್ಯಾಗ ಸೇರ್ಕಳ್ರಿ.”

“ಹಂಗೇನ್ರಿ? ತಪ್ಪಾತು ಬಿಡ್ರಿ, ಕುಂದರ್ತೀನಿ,” ಅಂದರು. ಬೇಸರದ ದನಿಯಲ್ಲ. ಬೇಸರ ಇದ್ದಿದ್ದರೆ ಈಗ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಮರುದಿನದಿಂದ ಸಪ್ಪಳ ನಿಂತಿತು. ಅವರ ಕೆಲಸವೂ ಒಂದಿಷ್ಟು ನಿಧಾನವಾಯಿತು. ಮೊದಲು ಅರ್ಧ ತಾಸಿನಲ್ಲಿ ಹಿಡಿಯುತ್ತಿದ್ದ ತಪ್ಪಿಗೆ ಈಗ ಎರಡು ತಾಸು. ಅದನ್ನು ತುಂಬಿಸಲು ಅವರು ಬೆಳಿಗ್ಗೆ ಎಂಟಕ್ಕೇ ಕೂರತೊಡಗಿದರು. ಅವರ ಹಸಿರು ಚುಕ್ಕೆ ನನ್ನದಕ್ಕಿಂತ ಮೊದಲು ಹತ್ತುತ್ತಿತ್ತು, ನನ್ನದಕ್ಕಿಂತ ಆಮೇಲೆ ಆರುತ್ತಿತ್ತು.

ನಾನೂ ಹಾಗೆಯೇ ಇದ್ದೆ. ಮಂಚದಿಂದ ಕುರ್ಚಿಗೆ ಆರು ಹೆಜ್ಜೆ. ತಾಟು ಅಲ್ಲಿಗೇ ತಂದುಕೊಂಡು ಪರದೆ ನೋಡುತ್ತಾ ಉಣ್ಣುತ್ತಿದ್ದೆ. ಮನೆಯಲ್ಲಿ ಅತ್ತೆಯವರು ಎಪ್ಪತ್ತು ದಾಟಿದವರು. ದಿನಾ ಬೆಳಿಗ್ಗೆ ತುಳಸಿಕಟ್ಟೆ ಸುತ್ತಿ ಬಂದು, “ನೀ ಕುಂತಲ್ಲೇ ಕುಂತೀಯಲ್ಲ, ಕುರ್ಚಿಗೆ ಬೇರು ಬಿಟ್ಟಾವೇನು?” ಎನ್ನುತ್ತಿದ್ದರು. ಒಂದು ಭಾನುವಾರ ಊರಿನಿಂದ ಬಂದ ನೆಂಟರನ್ನು ಹಂಪಿಗೆ ಕರೆದುಕೊಂಡು ಹೋದೆವು. ಹೇಮಕೂಟದ ಬಂಡೆಯ ಇಳಿಜಾರನ್ನು ನಾನು ಚಿಕ್ಕಂದಿನಿಂದ ಓಡಿ ಹತ್ತಿದವಳು. ಅವತ್ತು ಅರ್ಧಕ್ಕೆ ಏದುಸಿರು ಬಿಡುತ್ತಾ ಕುಸಿದು ಕೂತೆ. ಅತ್ತೆಯವರು ಕೋಲೂರದೆ ನನ್ನನ್ನು ದಾಟಿ ಮೇಲೆ ಹೋದರು. ಕಾದ ಬಂಡೆಯ ಮೇಲೆ ಕೂತು, ನನ್ನ ಮೈ ನನ್ನದಲ್ಲವೇನೋ ಎಂಬಂತೆ ಕಾಲುಗಳನ್ನು ನೋಡಿಕೊಂಡೆ.

ಸೋಮವಾರ ಕೆಲಸದ ಮಾತು ಮುಗಿದ ಮೇಲೆ ಇದನ್ನು ಕಂಪ್ಲಿ ಸರ್‌ಗೆ ನಗುತ್ತಾ ಹೇಳಿದೆ. ಅವರು ನಗಲಿಲ್ಲ.

“ನಂದೂ ಎಡಗಾಲು ಬಾತೈತ್ರಿ ಮೇಡಂ. ಮೀನಖಂಡ ಕಲ್ಲಾದಂಗ ಆಗೈತಿ. ಒತ್ತಿದ್ರ ಭಾಳ ನೋಯ್ತೈತಿ.”

“ಡಾಕ್ಟರ್‌ಗೆ ತೋರಿಸ್ರಿ ಸರ್.”

“ತೋರಿಸ್ಬೇಕ್ರಿ. ಈ ತಿಂಗಳ ವರದಿ ಒಂದು ಮುಗೀಲಿ.”

“ಹೌದು, ವರದಿ ಒಂದು ಮುಗಿಸಿಬಿಡ್ರಿ,” ಎಂದೆ. ಈ ಮಾತನ್ನೂ ನಾನೇ ಆಡಿದ್ದು.

ಆ ಬುಧವಾರ ಮೀಟಿಂಗಿಗೆ ಎಂದಿನಂತೆ ಎಂಟು ಜನ ಸೇರಿದ್ದೆವು. ವಡ್ಡು ಊರಿನ ಕಡೆ ಹೋದ ಎರಡು ಲಾರಿಗಳ ತೂಕ ತಾಳೆಯಾಗಿರಲಿಲ್ಲ. ಮ್ಯಾನೇಜರು ಅದನ್ನೇ ಕೇಳಿದರು. ಕಂಪ್ಲಿ ಸರ್ ಮೈಕು ತೆರೆದರು. ಅವರ ಮನೆಯ ಫ್ಯಾನು ಕಟಕಟ ಎನ್ನುತ್ತಿತ್ತು.

“ಸಿಕ್ಕೈತ್ರಿ ಸರ್ ಅದು. ಹಾಳಿ ಒಳಗಿನ ಖೋಲ್ಯಾಗ ಐತಿ. ಒಂದ್ನಿಮಿಷ, ತರ್ತೀನಿ.”

ಕುರ್ಚಿ ಹಿಂದೆ ಸರಿದ ಸದ್ದು. ಆಮೇಲೆ ಎಷ್ಟೋ ತಿಂಗಳಿಂದ ಕೇಳದೆ ಇದ್ದ ಚಪ್ಪಲಿಯ ಸಪ್ಪಳ. ನಾಲ್ಕು ಹೆಜ್ಜೆ. ನಾಲ್ಕೇ ಎಂದು ನಾನು ಹೇಗೆ ಹೇಳುತ್ತೇನೆಂದರೆ, ಅದನ್ನು ಆಮೇಲೆ ಎಣಿಸಿದ್ದಲ್ಲ, ಆಗಲೇ ಕಿವಿ ಎಣಿಸಿತ್ತು. ಐದನೆಯದಕ್ಕೆ ಏನೋ ಭಾರವಾದದ್ದು ಬಿತ್ತು. ಹಿಂದೆಯೇ ಸ್ಟೀಲಿನ ಪಾತ್ರೆಯೊಂದು ಉರುಳಿ ಗಿರಗಿರ ತಿರುಗಿ ನಿಂತಿತು. ಕಿವಿಗೆ ಬಡಿದ ಹಾಗಾಯಿತು.

ಮೀಟಿಂಗ್ ನಡೆಸುವವಳು ನಾನು. ಯಾರ ಮೈಕನ್ನು ಬೇಕಾದರೂ ಮುಚ್ಚುವ ಗುಂಡಿ ನನ್ನ ಕೈಯಲ್ಲಿತ್ತು. ಅವರದನ್ನು ಮುಚ್ಚಿದೆ.

“ಕಂಪ್ಲಿ ಸರ್ ಬರೋದ್ರೊಳಗೆ ಮುಂದಿನದು ನೋಡೋಣ,” ಎಂದರು ಮ್ಯಾನೇಜರು. ನೋಡಿದೆವು. ಬೇರೆ ಲಾರಿ, ಬೇರೆ ಚೀಟಿ. ಹತ್ತು ನಿಮಿಷವಾಗಿರಬೇಕು. ನನ್ನ ಕಣ್ಣು ಅವರ ಹೆಸರಿನ ಮೇಲೆ ಹೋಯಿತು. ಚುಕ್ಕೆ ಇನ್ನೂ ಹಸಿರಾಗಿತ್ತು. ನೋಡುತ್ತಿದ್ದ ಹಾಗೆಯೇ ಹಳದಿಯಾಯಿತು.

ಮೊಬೈಲಿಗೆ ಫೋನು ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಮೂರನೆಯ ಸಲಕ್ಕೆ ಅವರ ಹೆಂಡತಿ ಎತ್ತಿದರು. ಅವರು ಮಾತಾಡಿದ್ದು ನನ್ನ ಜೊತೆಗಲ್ಲ. “ಯಾಕ್ರೀ ಹಿಂಗ ಮಲಗೀರಿ? ಏಳ್ರಿ! ನೆಲದ ಮ್ಯಾಲೆ ಯಾಕ ಮಲಗೀರಿ?” ಆಮೇಲೆ ಫೋನು ಎಲ್ಲಿಗೋ ಬಿತ್ತು.

ಆಸ್ಪತ್ರೆಗೆ ಒಯ್ದರಂತೆ. ಅಷ್ಟರಲ್ಲಿ ಮುಗಿದಿತ್ತಂತೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲಕ್ಕೇರಿ ಶ್ವಾಸಕೋಶದ ನಾಳ ಮುಚ್ಚಿತ್ತು ಎಂದು ಅಲ್ಲಿಯ ವೈದ್ಯರು ಹೇಳಿದರೆಂದು ಕಂಪ್ಲಿ ಸರ್ ಮಗಳು ತಿಳಿಸಿದಳು. ಆಮೇಲೆ ಹೊಸಪೇಟೆಯಲ್ಲಿ ನನ್ನ ಮೊಣಕಾಲು ತೋರಿಸಲು ಹೋದಾಗ ನಾನೂ ನಮ್ಮ ವೈದ್ಯರನ್ನು ಕೇಳಿದೆ. ಗಂಟೆಗಟ್ಟಲೆ ಕಾಲು ಅಲುಗಾಡಿಸದೆ ಕೂತರೆ ಹಾಗಾಗುವುದುಂಟು, ಆದರೆ ಅದೊಂದೇ ಕಾರಣ ಎನ್ನಲಾಗದು, ವಯಸ್ಸು, ಮೈಯ ಗುಣ ಎಲ್ಲ ಸೇರಿರುತ್ತದೆ ಎಂದರು. ನನಗೆ ಸಮಾಧಾನ ಹೇಳಲೆಂದೇ ಹಾಗೆ ಅಂದರು ಅನಿಸಿತು. ನಾನೇನು ಮಾಡಿದ್ದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಎರಡು ವಾರಗಳ ನಂತರ ಒಂದು ಮೀಟಿಂಗಿನಲ್ಲಿ ನನಗೆ ಚಪ್ಪಲಿಯ ಸಪ್ಪಳ ಕೇಳಿಸಿತು.

“ಯಾರ್ರೀ ಅದು, ಅಡ್ಡಾಡಾಕತ್ತೋರು?” ಎಂದೆ.

ಪರದೆ ನೋಡಿದೆ. ಮಾತಾಡುತ್ತಿದ್ದ ಒಬ್ಬರದು ಬಿಟ್ಟು ಎಲ್ಲರ ಮೈಕೂ ಮುಚ್ಚಿತ್ತು. ಆ ಒಬ್ಬರು ಮೆಲ್ಲಗೆ, “ಮೇಡಂ, ನಾನು ಕೂತೇ ಇದ್ದೀನ್ರಿ,” ಎಂದರು. ಅವರ ದನಿ ನಡುಗಿದ್ದು ಯಾವುದಕ್ಕೆಂದು ನನಗೆ ಗೊತ್ತಾಯಿತು. ನನಗೆ ಹೆದರಿದ್ದರು.

ಆಮೇಲೆ ಅದು ನಡುನಡುವೆ ಬರತೊಡಗಿತು. ಮಧ್ಯಾಹ್ನ ಊಟವಾಗಿ ಮನೆ ತಣ್ಣಗಿರುವಾಗ, ಪಕ್ಕದ ಕೋಣೆಯಲ್ಲಿ ನಾಲ್ಕು ಹೆಜ್ಜೆ. ಅತ್ತೆಯವರು ಎದ್ದರೇನೋ ಎಂದು ಹೋಗಿ ನೋಡಿದರೆ ಗೋಡೆ ಕಡೆ ಮುಖ ಮಾಡಿ ನಿದ್ದೆಯಲ್ಲಿರುತ್ತಿದ್ದರು. ದೆವ್ವ ಭೂತ ನಂಬುವವಳಲ್ಲ ನಾನು. ಹಾಗಂತ ಕೇಳಿಸಿದ್ದು ಕೇಳಿಸಲಿಲ್ಲ ಎನ್ನಲೂ ಆಗುತ್ತಿರಲಿಲ್ಲ. ಐದನೆಯ ಹೆಜ್ಜೆ ಬರಲಿ ಎಂದು ಉಸಿರು ಹಿಡಿದು ಕಾಯುತ್ತಿದ್ದೆ. ಅದು ಬರುತ್ತಿರಲಿಲ್ಲ.

ತಿಂಗಳು ದಾಟಿದ ಮೇಲೆ ಅವರ ಬಳಿ ಇದ್ದ ಕಚೇರಿಯ ಲ್ಯಾಪ್‌ಟಾಪನ್ನು ವಾಪಸು ತರಬೇಕಾಯಿತು. ಯಾರನ್ನಾದರೂ ಕಳಿಸುತ್ತೇನೆ ಎಂದರು ಮ್ಯಾನೇಜರು. ನಾನೇ ಹೋಗುತ್ತೇನೆ ಎಂದೆ. ಕಂಪ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಕಾಲುವೆ, ಭತ್ತದ ಗದ್ದೆ, ಬಾಳೆ ತೋಟ. ಇಷ್ಟು ವರ್ಷ ಅವರು ದಿನಾ ಎರಡು ಹೊತ್ತು ನೋಡಿದ ದಾರಿ. ನಾನು ಒಂದು ಸಲವೂ ಅವರ ಮನೆಗೆ ಹೋಗಿರಲಿಲ್ಲ.

ಅವರ ಹೆಂಡತಿ ಸಣ್ಣ ಆಳಿನ ಹೆಂಗಸು. “ಬರ್ರಿ ಅಕ್ಕಾರ, ಕುಂದ್ರಿ,” ಎಂದು ಕುರ್ಚಿ ಎಳೆದರು. ಅದು ಕಿಟಕಿಯ ಹತ್ತಿರದ ಮೇಜಿಗೆ ಹಾಕಿದ್ದ ಕುರ್ಚಿ. ಸೀಟಿನ ಬಟ್ಟೆ ನಡುವೆ ತಗ್ಗಾಗಿತ್ತು. ನಾನು ನೆಲದ ಮೇಲಿನ ಚಾಪೆಯಲ್ಲಿ ಕೂತೆ. ಅವರೂ ಎದುರಿಗೆ ಕೂತರು. ಲ್ಯಾಪ್‌ಟಾಪನ್ನು ಒಗೆದ ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದರು. ಮೇಲೆ ಅರಿಶಿನ ಕುಂಕುಮದ ಗುರುತಿತ್ತು. ಆಯುಧಪೂಜೆಯಲ್ಲಿ ಕಂಪ್ಲಿ ಸರ್ ಅವರೇ ಇಟ್ಟದ್ದಂತೆ.

ಚಹಾ ಕೊಟ್ಟು ಕೇಳಿದರು: “ಅಕ್ಕಾರ, ಕೊನಿಗೆ ಏನರ ಅಂದ್ರೇನ್ರಿ ಅವ್ರು? ನೀವು ಕೇಳಿರಬೇಕಲ್ಲ. ನಾ ಮಾಳಿಗಿ ಮ್ಯಾಲಿದ್ದೆ.”

“ಹಾಳಿ ಒಳಗೈತಿ, ಒಂದ್ನಿಮಿಷ, ತರ್ತೀನಿ ಅಂದ್ರು.”

“ಅಷ್ಟಾ?”

“ಅಷ್ಟಾರಿ.”

ಅವರು ತಲೆಯಾಡಿಸಿದರು. ಬಳಿಕ ಹಿತ್ತಲಿನ ಬಾಗಿಲ ಕಡೆ ನೋಡುತ್ತಾ ಅಂದರು: “ಮೊದ್ಲು ಭಾಳ ಅಡ್ಡಾಡ್ತಿದ್ರು. ನೆಲ ಒರಸಿದ್ದು ಆರಾಕ ಬಿಡ್ತಿರಲಿಲ್ಲ, ನಾ ಬೈತಿದ್ದೆ. ಆಮ್ಯಾಲೆ ಒಂದಿನ ಒಮ್ಮಿಂದೊಮ್ಮೆಲೆ ಬಿಟ್ಟುಬಿಟ್ರು. ಯಾಕ್ರಿ ಅಂದ್ರ, ಆಫೀಸಿನ್ಯಾಗ ಬ್ಯಾಡ ಅಂದಾರ ಅಂದ್ರು.”

ನಾನು ಲೋಟ ಕೆಳಗಿಟ್ಟೆ. “ಬ್ಯಾಡ ಅಂದಾಕಿ ನಾನಾರಿ. ಮ್ಯಾನೇಜರು ಹೇಳಿದ್ರು ಖರೇ, ಆದ್ರ ಫೋನ್ ಮಾಡಿದಾಕಿ ನಾನು. ಒಂದು ಕಡೆ ಕುಂದ್ರಿ ಅಂದಿದ್ದೆ.” ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲಾಗಲಿಲ್ಲ. “ಇನ್ನೂ ಒಂದೈತಿ. ಅವ್ರು ಬಿದ್ದ ಸಪ್ಪಳ ನನಗ ಕೇಳಿಸ್ತು. ಏನೋ ಬಿತ್ತು ಅಂತ ಅವರ ಮೈಕು ಬಂದ್ ಮಾಡಿದೆ. ಹತ್ತು ನಿಮಿಷ ಬ್ಯಾರೆ ಮಾತಾಡಿದೆ.”

ಅವರು ಎದ್ದು ಹೋಗು ಎಂದಿದ್ದರೆ ಎದ್ದು ಹೋಗುತ್ತಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

“ನನಗೂ ಕೇಳಿತ್ರಿ,” ಎಂದರು ಕೊನೆಗೆ. “ಮ್ಯಾಲೆ ಬಟ್ಟಿ ಒಣಗಿ ಹಾಕಾಕತ್ತಿದ್ದೆ. ಧಡ್ ಅಂತು. ಹಾಳಾದ ಬೆಕ್ಕು ಹಾಲಿನ ಪಾತ್ರಿ ಕೆಡವಿತು ಅಂತ ಅಂದ್ಕಂಡೆ. ಚೆಲ್ಲಿದ್ದಂತೂ ಚೆಲ್ಲೈತಿ, ಬಟ್ಟಿ ಮುಗಿಸೇ ಹೋಗೋಣ ಅಂದ್ಕಂಡೆ. ಇನ್ನೂ ಒಂದು ಬಕೀಟು ಇತ್ತು, ಪೂರಾ ಹಾಕಿ ಇಳಿದೆ.” ಬೆರಳಿಂದ ಸೆರಗು ಬಿಡಿಸಿ, “ಇದನ್ನ ನನ್ನ ಮಗಳಿಗೂ ಹೇಳಿಲ್ಲ ನಾನು,” ಎಂದರು.

ಇಬ್ಬರಲ್ಲಿ ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ. ಅವರು ನನ್ನನ್ನು ಕ್ಷಮಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸಿನ ತನಕ ಜೊತೆಗೆ ಬಂದರು. ಬಿಸಿಲಿನಲ್ಲಿ ಇಬ್ಬರೂ ಮೆಲ್ಲಗೆ ನಡೆದೆವು. ಬಸ್ಸು ಹತ್ತುವಾಗ, “ನಿಮಗೂ ಕೇಳಿಸ್ತೈತೇನ್ರಿ, ಚಪ್ಪಲಿ?” ಎಂದು ಕೇಳಿದರು. ಹೌದೆಂದೆ. ಅವರು ನನ್ನ ಕೈಯನ್ನೊಮ್ಮೆ ಒತ್ತಿ ಬಿಟ್ಟರು.

ಮರುದಿನ ನಾನು ಸಂಡೂರಿಗೆ ಹೋಗಿ ಮ್ಯಾನೇಜರ ಎದುರು ನಿಂತೆ. ಹಳದಿ ಚುಕ್ಕೆಯ ಪಟ್ಟಿಯನ್ನು ಇನ್ನು ಮುಂದೆ ನಾನು ನೋಡುವುದಿಲ್ಲ, ಯಾರನ್ನೂ ಎದ್ದದ್ದಕ್ಕೆ ಕಾರಣ ಕೇಳುವುದಿಲ್ಲ ಎಂದೆ. ಮನೆಯಲ್ಲಿ ಜಾಗವಿಲ್ಲದವರು ಬೇಕಾದಾಗ ಕಚೇರಿಗೆ ಬರುವಂತಿರಬೇಕು ಎಂದೂ ಕೇಳಿದೆ.

“ಅದಕ್ಕೂ ಅವರ ಸಾವಿಗೂ ಸಂಬಂಧ ಇದೆ ಅಂತ ಡಾಕ್ಟರ್ ಹೇಳಿದ್ರಾ?” ಎಂದರು.

“ಇಲ್ಲ ಸರ್.”

“ಮತ್ತೆ ನೀವ್ಯಾಕೆ ಮನಸ್ಸಿಗೆ ಹಚ್ಕೊಳ್ತೀರಿ?”

“ನಾನು ಅವರನ್ನ ಕೂರಿಸಿದ್ದೆ ಸರ್.”

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. “ಕೂರಿಸಿ ಅಂದಿದ್ದು ನಾನು,” ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡರು. ಕಂಪ್ಲಿ ಸರ್ ಅಡ್ಡಾಡುತ್ತಿದ್ದ ವರಾಂಡದ ಭಾಗ ಈಗ ಬೇರೆಯವರದು, ನಡುವೆ ಗಾಜಿನ ಗೋಡೆ ಬಂದಿತ್ತು.

ಮುಂದಿನ ತಿಂಗಳು ಹೊಸ ಸೂಚನೆ ಬಂತು. ಚುಕ್ಕೆಯ ಪಟ್ಟಿ ನಿಂತಿತು. ಮೀಟಿಂಗನ್ನು ನಡೆದಾಡುತ್ತಲೂ ಕೇಳಬಹುದು, ಇಷ್ಟವಿದ್ದವರು ಯಾವ ದಿನ ಬೇಕಾದರೂ ಕಚೇರಿಗೆ ಬರಬಹುದು ಎಂದಿತ್ತು. ಯಾಕೆ ಎಂದು ಅದರಲ್ಲಿ ಬರೆದಿರಲಿಲ್ಲ. ನಾನು ವಾರಕ್ಕೆ ಮೂರು ದಿನ ಸಂಡೂರಿಗೆ ಹೋಗತೊಡಗಿದೆ. ಉಳಿದ ದಿನ ಬೆಳಿಗ್ಗೆ ಅತ್ತೆಯವರ ಜೊತೆ ಕಾಲುವೆ ದಂಡೆಯ ಮೇಲೆ ನಡೆಯುತ್ತೇನೆ. ಹೆಜ್ಜೆಯ ಸಪ್ಪಳ ಈಗ ಅಪರೂಪ. ಹೋಯಿತು ಎನ್ನಲಾರೆ. ಬಂದರೆ ಎಲ್ಲಿದ್ದರೂ ಎದ್ದು ನಿಲ್ಲುತ್ತೇನೆ.

ಕಂಪ್ಲಿ ಸರ್ ಜಾಗಕ್ಕೆ ಬಂಡ್ರಿಯ ಹುಡುಗಿಯೊಬ್ಬಳು ಬಂದಿದ್ದಾಳೆ. ಮದುವೆಯಾಗಿ ವರ್ಷವಾಗಿಲ್ಲ, ಗಂಡನ ಮನೆಯ ಅಡುಗೆಮನೆಯ ಪಕ್ಕದಲ್ಲಿ ಮೇಜು ಹಾಕಿಕೊಂಡು ಕೆಲಸ ಮಾಡುತ್ತಾಳೆ, ಚುರುಕು. ಸೂಚನೆಯನ್ನು ಓದಿದ್ದಾಳೆ. ಆದರೂ ದಿನಕ್ಕೆ ನಾಲ್ಕೈದು ಸಲ ಅವಳಿಂದ ಒಂದು ಸಾಲು ಬರುತ್ತದೆ: ಮೇಡಂ, ಐದು ನಿಮಿಷ ಎದ್ದು ಬರಲಾ?

ನಿನ್ನೆ ಫೋನು ಮಾಡಿದೆ. “ಏಳಾಕ ನನ್ನ ಕೇಳಬ್ಯಾಡವ್ವ. ಎಷ್ಟು ಸಲ ಹೇಳಲಿ ನಿನಗ?”

“ಹೂಂ ಮೇಡಂ, ಗೊತ್ತೈತ್ರಿ,” ಎಂದಳು. “ಕೇಳಿದ್ರ ಚೊಲೋ ಅಂತ ನಮ್ಮನ್ಯಾಗ ಅಂದ್ರು.”

ಇವತ್ತು ಬೆಳಿಗ್ಗೆ ಹತ್ತಕ್ಕೆ ಮತ್ತೆ ಕೇಳಿದಳು.